ವಾರಕ್ಕೆ ಒಂದೇ ಸಂಜೆ ಬಿಡುವಿದ್ದರೆ: ಭಾಷೆ, ಶಿಲ್ಪ, ಸೌರವಿದ್ಯುತ್ – ಯಾವ ಉಪನ್ಯಾಸಕ್ಕೆ ಹೋಗುವುದು?

ಹೋದ ತಿಂಗಳು ಅಕ್ಕನ ಮಗಳು ಫೋನ್ ಮಾಡಿದ್ದಳು. ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಅವಳಿಗೆ ಆರು ತಿಂಗಳು. ಬಸವನಗುಡಿಯ ಹತ್ತಿರ ಪಿ.ಜಿ.ಯಲ್ಲಿ ಇದ್ದಾಳೆ. “ಚಿಕ್ಕಮ್ಮ, ಬುಧವಾರ ಸಂಜೆ ಮೂರು ಕಡೆ ಉಪನ್ಯಾಸ ಇದೆ. ಒಂದು ಹಳಗನ್ನಡ ಶಾಸನದ ಮೇಲೆ, ಒಂದು ಹೊಯ್ಸಳ ಶಿಲ್ಪದ ಮೇಲೆ, ಇನ್ನೊಂದು ಸೋಲಾರ್ ಮೇಲೆ. ಮೂರೂ ಫ್ರೀ. ನಂಗೆ ವಾರದಲ್ಲಿ ಸಿಗೋದೇ ಒಂದು ಸಂಜೆ. ಯಾವುದಕ್ಕೆ ಹೋಗ್ಲಿ?” ಎಂದಳು.

ಫೋನಿನಲ್ಲಿ ಸರಿಯಾಗಿ ಹೇಳಲು ಆಗಲಿಲ್ಲ. ಇಪ್ಪತ್ತು ವರ್ಷಗಳಿಂದ ಈ ಸಭಾಂಗಣಗಳ ಬೆಂಚು ಸವೆಸಿದವಳು ನಾನು. ನನಗೇ ಒಂದು ಮಾತಿನಲ್ಲಿ ಉತ್ತರ ಬರಲಿಲ್ಲ. ಇದೇ ಪ್ರಶ್ನೆಯನ್ನು ಕಚೇರಿಯ ಗೆಳತಿಯರೂ ಕೇಳುತ್ತಾರೆ, ನಿವೃತ್ತರಾದ ನೆರೆಮನೆಯವರೂ ಕೇಳುತ್ತಾರೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ.

ಬೆಂಗಳೂರಿನ ಈ ಭಾಗದಲ್ಲಿ ಸಂಜೆ ಉಪನ್ಯಾಸ ಹಳೆಯ ರೂಢಿ. ಡಿ.ವಿ. ಗುಂಡಪ್ಪನವರು ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದ್ದು 1945ರಲ್ಲಿ. ಅದೇ ವರ್ಷ ಬಿ.ಪಿ. ವಾಡಿಯಾ ಮತ್ತು ಸೋಫಿಯಾ ವಾಡಿಯಾ ದಂಪತಿ ಬಸವನಗುಡಿಯಲ್ಲಿ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ವರ್ಲ್ಡ್ ಕಲ್ಚರ್ ಶುರುಮಾಡಿದರು. 1962ರಲ್ಲಿ ಎಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಹುಟ್ಟುಹಾಕಿದರು. ಒಂದರಿಂದ ಇನ್ನೊಂದಕ್ಕೆ ನಡೆದೇ ಹೋಗಬಹುದು. ಒಂದು ಕಾಸು ಕೊಡದೆ ಯಾರು ಬೇಕಾದರೂ ಒಳಗೆ ಹೋಗಿ ಕೂರಬಹುದು. ಇಂಥ ಅನುಕೂಲ ಬೇರೆ ಊರಿನವರಿಗೆ ಅಷ್ಟು ಸುಲಭಕ್ಕೆ ಸಿಗದು. ಅದನ್ನು ಬಿಡಬಾರದು ಎಂಬ ಆಸೆ ನನ್ನದು.

ಆರಿಸುವ ಮೊದಲು ಏನೇನು ನೋಡಬೇಕು

ಹೆಚ್ಚಿನವರು ಆಹ್ವಾನ ಪತ್ರಿಕೆಯಲ್ಲಿ ವಿಷಯದ ಹೆಸರು ನೋಡಿ ತೀರ್ಮಾನ ಮಾಡುತ್ತಾರೆ. ನಾನು ಕೊನೆಗೆ ನೋಡುವುದೇ ಅದನ್ನು. ಮೊದಲು ನೋಡುವುದು ಮಾತು ಯಾವ ಭಾಷೆಯಲ್ಲಿ ಎಂದು. ಕನ್ನಡದಲ್ಲಿ ವಿಷಯದ ಹೆಸರು ಹಾಕಿ ಇಂಗ್ಲಿಷಿನಲ್ಲಿ ಮಾತಾಡುವವರಿದ್ದಾರೆ. ಅದಕ್ಕೆ ತಿರುಗಾ ಮುರುಗಾ ಮಾಡುವವರೂ ಇದ್ದಾರೆ. ಜೊತೆಯಲ್ಲಿ ಅಮ್ಮನನ್ನೋ ಮಾವನನ್ನೋ ಕರೆದುಕೊಂಡು ಹೋಗುವುದಾದರೆ ಇದನ್ನು ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.

ಆಮೇಲೆ, ಅದು ಒಂದೇ ಸಂಜೆಯದೋ, ಮೂರು ನಾಲ್ಕು ಸಂಜೆಯ ಮಾಲೆಯೋ ನೋಡುತ್ತೇನೆ. ಒಂದು ಸಂಜೆಯ ಮಾತು ರುಚಿ ತೋರಿಸುತ್ತದೆ, ಅಷ್ಟೇ. ಮಾಲೆಯಾದರೆ ಹೊಟ್ಟೆ ತುಂಬುತ್ತದೆ. ಆದರೆ ನಾಲ್ಕು ದಿನ ಸತತವಾಗಿ ಆರು ಗಂಟೆಗೆ ಹೋಗಿ ಕೂರುವುದು ಕೆಲಸಕ್ಕೆ ಹೋಗುವವರಿಗೆ ಕಷ್ಟ. ನಡುವಿನ ದಿನ ತಪ್ಪಿದರೆ ಎಳೆ ಕಡಿದುಹೋಗುತ್ತದೆ.

ಮೂರನೆಯದು ದಾರಿ. ಸಂಜೆ ಐದೂವರೆಯಿಂದ ಏಳೂವರೆಯ ಟ್ರಾಫಿಕ್ ಎಲ್ಲರಿಗೂ ಗೊತ್ತು. ಮೆಟ್ರೊ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿದೆಯಾ ಎಂದು ನೋಡಿ. ಎಷ್ಟೋ ಒಳ್ಳೆಯ ಉಪನ್ಯಾಸಗಳನ್ನು ನಾನು ಕಳೆದುಕೊಂಡಿದ್ದು ವಿಷಯ ಇಷ್ಟವಾಗದೆ ಅಲ್ಲ, ಸಿಗ್ನಲ್ಲಿನಲ್ಲಿ ನಿಂತು.

ನಾಲ್ಕನೆಯದು ಪ್ರಶ್ನೆ. ಒಂದು ಗಂಟೆ ಮಾತಿಗೆ ಇಪ್ಪತ್ತು ನಿಮಿಷವಾದರೂ ಪ್ರಶ್ನೆಗೆ ಬಿಡುವ ಕಡೆ ಹೋಗಿ. ದೀಪ ಬೆಳಗುವುದು, ಪ್ರಾರ್ಥನೆ, ಸ್ವಾಗತ, ಪರಿಚಯ, ಹಾರ ಶಾಲು, ಅಧ್ಯಕ್ಷರ ಮಾತು ಎಂದು ಪಟ್ಟಿ ಉದ್ದ ಇದ್ದರೆ ಆರು ಗಂಟೆಯ ಕಾರ್ಯಕ್ರಮದ ನಿಜವಾದ ಮಾತು ಶುರುವಾಗುವುದು ಆರೂ ಮುಕ್ಕಾಲಿಗೆ. ಆಗ ಪ್ರಶ್ನೆಗೆ ಸಮಯ ಉಳಿಯುವುದಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಎಷ್ಟು ಹೆಸರಿವೆ ಎಂದು ಎಣಿಸಿದರೆ ಇದು ಗೊತ್ತಾಗಿಬಿಡುತ್ತದೆ.

ಇವೆಲ್ಲಕ್ಕಿಂತ ದೊಡ್ಡದು ಒಂದಿದೆ. ಈಗ ಬಹಳಷ್ಟು ಉಪನ್ಯಾಸಗಳು ಯೂಟ್ಯೂಬಿಗೆ ಬರುತ್ತವೆ. ಹಾಗಾದರೆ ಮೈ ದಣಿಸಿಕೊಂಡು ಹೋಗಿ ಅಲ್ಲಿ ಕೂರುವುದು ಯಾಕೆ? ಆ ಕೋಣೆಯಲ್ಲಿ ಕೂತವರಿಗೆ ಮಾತ್ರ ಸಿಗುವಂಥದ್ದು ಏನಾದರೂ ಇದ್ದರೆ ಹೋಗಬೇಕು. ಇಲ್ಲದಿದ್ದರೆ ಮನೆಯಲ್ಲಿ ತರಕಾರಿ ಹೆಚ್ಚುತ್ತಾ ಕೇಳಬಹುದು, ತಪ್ಪೇನಿಲ್ಲ. ನಾನು ಮೂರು ವಿಷಯಗಳನ್ನೂ ಮುಖ್ಯವಾಗಿ ಇದರಿಂದಲೇ ತೂಗುತ್ತೇನೆ.

ಭಾಷೆ: ಕಿವಿಯಿಂದ ಕೇಳಬೇಕಾದದ್ದು

ಬಾದಾಮಿಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದ್ದು. ಪಠ್ಯಪುಸ್ತಕದಲ್ಲಿ ನಾವೆಲ್ಲ ಓದಿದ್ದೇವೆ: “ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ”. ಪರೀಕ್ಷೆಗೆ ಬಾಯಿಪಾಠ ಮಾಡಿದ ಸಾಲು. ಅದರಲ್ಲಿ ಏನೋ ಇದೆ ಎಂದು ನನಗೆ ಅನ್ನಿಸಿರಲೇ ಇಲ್ಲ. ಒಂದು ಸಂಜೆ ವಯಸ್ಸಾದ ಮೇಷ್ಟ್ರೊಬ್ಬರು ಅದನ್ನು ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಎಲ್ಲಿ ಎಳೆಯಬೇಕೋ ಅಲ್ಲಿ ಎಳೆದು ಓದಿದರು. ಮೂರು ಸಾಲಿನ ತ್ರಿಪದಿ. ನಮ್ಮಜ್ಜಿ ಬೀಸುವ ಕಲ್ಲಿನ ಮುಂದೆ ಕೂತು ಹೇಳುತ್ತಿದ್ದ ಪದದ ಮಟ್ಟು ಅದೇ! ಸಾವಿರದ ಮುನ್ನೂರು ವರ್ಷ ಹಿಂದೆ ಬಂಡೆಯ ಮೇಲೆ ಕೆತ್ತಿದ್ದು, ನಮ್ಮ ಮನೆಯ ಪಡಸಾಲೆಯವರೆಗೆ ಬಂದಿತ್ತು. ಪಕ್ಕದಲ್ಲಿದ್ದ ಹೆಂಗಸು ಮೆಲ್ಲಗೆ ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಪುಸ್ತಕ ಇದನ್ನು ಕೊಡಲಿಲ್ಲ.

ಭಾಷೆಯ ಉಪನ್ಯಾಸ ಕೇಳಲು ಹಳಗನ್ನಡ ಬರಬೇಕಾ? ಬೇಕಿಲ್ಲ. ಒಂದೆರಡು ಕೀಲಿ ಸಾಕು. ಹಳೆಯ ಕಾಲದ ‘ಪ’ ಎಷ್ಟೋ ಕಡೆ ಈಗ ‘ಹ’ ಆಗಿದೆ. ಪಾಲು ಹಾಲಾಯಿತು, ಪುಲಿ ಹುಲಿಯಾಯಿತು, ಪೂ ಹೂವಾಯಿತು. ಹಾಸನ ಜಿಲ್ಲೆಯ ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. 1936ರಲ್ಲಿ ಎಂ.ಎಚ್. ಕೃಷ್ಣ ಅವರು ಅದನ್ನು ಬೆಳಕಿಗೆ ತಂದರು. ಆ ಶಾಸನದಲ್ಲಿ ಊರಿನ ಹೆಸರೇ ‘ಪಲ್ಮಡಿ’ ಎಂದಿದೆ. ಈ ಒಂದು ಸೂತ್ರ ಹಿಡಿದು ಕೂತರೆ ಅರ್ಧ ಪದಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ. ಹಾಗೇ ಈಗ ಬಳಕೆಯಲ್ಲಿ ಇಲ್ಲದ ‘ೞ’ ಅಕ್ಷರ. ‘ಬಾೞ್’ ನಮ್ಮ ಬಾಳು, ‘ಏೞು’ ನಮ್ಮ ಏಳು. ಆ ಅಕ್ಷರವನ್ನು ಹೇಗೆ ಉಚ್ಚರಿಸುತ್ತಿದ್ದರು ಎಂದು ಓದಿ ತಿಳಿಯಲು ಆಗುವುದಿಲ್ಲ. ಬಲ್ಲವರು ಬಾಯಲ್ಲಿ ಹೇಳಿ ತೋರಿಸಬೇಕು, ನೀವೂ ಹೇಳಿ ನೋಡಬೇಕು.

ಒಳ್ಳೆಯ ಶಾಸನತಜ್ಞರು ಶಾಸನದ ಅಚ್ಚು ತಂದು ತೋರಿಸುತ್ತಾರೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಹಾಸಿ, ಬ್ರಷ್ಷಿನಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರದ ಗುಂಡಿಗೆ ಇಳಿಸುತ್ತಾರೆ. ಮೇಲೆ ಮಸಿ ಒತ್ತುತ್ತಾರೆ. ಕಲ್ಲಿನ ಮೇಲ್ಮೈ ಕಪ್ಪಾಗುತ್ತದೆ, ಅಕ್ಷರ ಬಿಳಿಯಾಗಿ ಉಳಿಯುತ್ತದೆ. ಆ ಕಾಗದವನ್ನು ಹತ್ತಿರ ಹೋಗಿ ನೋಡಿದಾಗ ಕೆತ್ತಿದವನ ಉಳಿ ಎಲ್ಲಿ ಜಾರಿದೆ ಎಂಬುದೂ ಕಾಣುತ್ತದೆ.

ತೊಡಕುಗಳೂ ಇವೆ. ಭಾಷೆಯ ಉಪನ್ಯಾಸ ಪೂರ್ತಿ ಮಾತನಾಡುವವರ ಮೇಲೆ ನಿಂತಿದೆ. ತೋರಿಸಲು ಚಿತ್ರಗಳು ಕಡಿಮೆ. ಮೈಕ್ ಕೆಟ್ಟರೆ ಎಲ್ಲ ಕೆಟ್ಟಂತೆ. ಒಂದು ಕಡೆ ಫ್ಯಾನಿನ ಸದ್ದಿನಲ್ಲಿ ಪದ್ಯಗಳು ಒಂದೂ ಕೇಳಿಸದೆ, ಒಂದೂವರೆ ಗಂಟೆ ಸುಮ್ನೆ ಕೂತು ಎದ್ದು ಬಂದಿದ್ದೇನೆ. ಅಂದಿನಿಂದ ಮುಂದಿನ ಮೂರು ಸಾಲು ಬಿಟ್ಟು ಹಿಂದೆ ಕೂರುವುದಿಲ್ಲ. ಇನ್ನೊಂದು ವಿಷಯ: ಒಂದು ಸಂಜೆಯಲ್ಲಿ ಶಾಸನ ಓದಲು ಬರುವುದಿಲ್ಲ. ಓದಲು ಕಲಿಯಬೇಕೆಂದರೆ ಮಾಲೆಗೋ ತರಗತಿಗೋ ಸೇರಬೇಕು, ತಿಂಗಳುಗಟ್ಟಲೆ ಹೋಗಬೇಕು.

ಖರ್ಚಿನ ದೃಷ್ಟಿಯಿಂದ ಮೂರರಲ್ಲಿ ಇದೇ ಅಗ್ಗ. ಮುಂದಿನ ಹೆಜ್ಜೆಗೂ ಜಾಸ್ತಿ ದುಡ್ಡು ಬೇಡ. ಬಿ.ಎಲ್. ರೈಸ್ ಅವರು ಸಂಪಾದಿಸಿದ, ಶಾಸನಗಳ ಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕಾದ ಬೆಂಗಳೂರು ಜಿಲ್ಲೆಯ ಸಂಪುಟ ಅಂತರ್ಜಾಲದಲ್ಲಿ ಪುಕ್ಕಟೆ ಸಿಗುತ್ತದೆ. ನಿಮ್ಮ ಊರಿನ ಶಾಸನ ಅದರಲ್ಲಿ ಇದ್ದರೂ ಇರಬಹುದು. ಸಿಟಿ ಬಸ್ಸು ಹತ್ತಿ ಬೇಗೂರಿಗೆ ಹೋದರೆ ನಾಗೇಶ್ವರ ದೇವಸ್ಥಾನದಲ್ಲಿ ಸುಮಾರು ಕ್ರಿ.ಶ. 890ರ ಕಲ್ಲು ಇದೆ. ‘ಬೆಂಗಳೂರು ಕಾಳಗ’ದ ಮಾತು ಅದರಲ್ಲಿದೆ. ಕೆಂಪೇಗೌಡರಿಗಿಂತ ಆರೇಳು ನೂರು ವರ್ಷ ಮೊದಲೇ ಈ ಹೆಸರು ಇತ್ತು ಎಂಬುದನ್ನು ಕಲ್ಲಿನ ಮುಂದೆ ನಿಂತು ಓದುವ ಖುಷಿಯೇ ಬೇರೆ.

ಶಿಲ್ಪ ಮತ್ತು ಕುಸುರಿ: ಕಣ್ಣಿಗೆ, ಆಮೇಲೆ ಕಾಲಿಗೆ

ಮಧ್ಯಕಾಲದ ಕೈಕಸುಬಿನ ಬಗ್ಗೆ ನಡೆಯುವ ಉಪನ್ಯಾಸಗಳಲ್ಲಿ ಹೊಯ್ಸಳರದ್ದೇ ಸಿಂಹಪಾಲು. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲಂತೂ ಇನ್ನೂ ಜಾಸ್ತಿಯಾಗಿದೆ. ಇವುಗಳಲ್ಲಿ ಎರಡು ಬಗೆ. ಒಂದು, ಚಿತ್ರ ತೋರಿಸಿ ‘ಆಹಾ ಎಂಥ ಸೌಂದರ್ಯ’ ಎನ್ನುವುದು. ಇನ್ನೊಂದು, ಕೆಲಸ ಹೇಗೆ ನಡೆಯಿತು ಎಂದು ಬಿಡಿಸಿ ಹೇಳುವುದು. ಮೊದಲ ಬಗೆಯದಕ್ಕೆ ದಯವಿಟ್ಟು ಹೋಗಬೇಡಿ. ಆ ಚಿತ್ರಗಳು ಫೋನಿನಲ್ಲೇ ಸಿಗುತ್ತವೆ.

ಎರಡನೆಯ ಬಗೆ ಸಿಕ್ಕರೆ ಮಾತ್ರ ಬಿಡಬೇಡಿ. ಹೊಯ್ಸಳರ ಗುಡಿಗಳ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿರುತ್ತದೆ, ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ಅದಕ್ಕೇ ಆಭರಣದ ಎಳೆ ಎಳೆಯನ್ನೂ ಬಿಡಿಸಲು ಆಯಿತು. ಈ ಗುಡಿಗಳ ದುಂಡನೆಯ ಕಂಬಗಳ ಮೇಲಿನ ಉಂಗುರದಂಥ ಗೆರೆಗಳು ಕಲ್ಲನ್ನು ತಿರುಗಣಿಗೆ ಹಾಕಿ ಕಡೆದದ್ದರ ಗುರುತು. ಚನ್ನಪಟ್ಟಣದಲ್ಲಿ ಮರದ ಬೊಂಬೆ ಕಡೆಯುವುದನ್ನು ನೋಡಿದವರಿಗೆ ಇದು ತಟ್ಟನೆ ಹೊಳೆಯುತ್ತದೆ. ಇಷ್ಟು ಗೊತ್ತಾದ ಮೇಲೆ ನೋಡಿದರೆ ಅದೇ ಕಂಬ ಬೇರೆಯಾಗಿ ಕಾಣುತ್ತದೆ.

ನನಗೆ ಜಾಸ್ತಿ ಇಷ್ಟವಾಗುವುದು ಶಿಲ್ಪಿಗಳ ಹೆಸರಿನ ಮಾತು. ನಮಗೆಲ್ಲ ಜಕಣಾಚಾರಿಯ ಕಥೆ ಗೊತ್ತು. ಆದರೆ ಕಲ್ಲಿನ ಮೇಲೆ ಸಿಗುವ ಹೆಸರುಗಳು ಬೇರೆ. ಬೇಲೂರಿನ ಮದನಿಕೆಯರೆಂಬ ಶಿಲಾಬಾಲಿಕೆಯರ ಕೆಳಗೆ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಬರೆದುಕೊಂಡಿದ್ದಾರೆ. ಸೋಮನಾಥಪುರದಲ್ಲಿ ಮಲ್ಲಿತಮ್ಮ ಹತ್ತಾರು ವಿಗ್ರಹಗಳ ಪೀಠದಲ್ಲಿ ರುಜು ಹಾಕಿದ್ದಾನೆ. ಒಂದೊಂದು ಕಡೆ ಪೂರ್ತಿ ಹೆಸರು, ಒಂದೊಂದು ಕಡೆ ಬರೀ ‘ಮಲ್ಲಿ’, ಕೆಲವು ಕಡೆ ಬರೀ ‘ಮ’. ನಾವು ಕಚೇರಿಯ ಫೈಲಿನ ಮೂಲೆಯಲ್ಲಿ ಪುಟ್ಟ ಸಹಿ ಹಾಕುತ್ತೇವಲ್ಲ, ಹಾಗೆ. ಉಪನ್ಯಾಸಕರು ಆ ‘ಮ’ ಅಕ್ಷರವನ್ನು ಪರದೆಯ ತುಂಬ ದೊಡ್ಡದು ಮಾಡಿ ತೋರಿಸಿದಾಗ ಸಭೆಯಲ್ಲಿ ಒಂದು ಕ್ಷಣ ಯಾರೂ ಉಸಿರೆತ್ತಲಿಲ್ಲ. ಎಂಟುನೂರು ವರ್ಷದ ಹಿಂದಿನ ಒಬ್ಬ ಕೆಲಸಗಾರ ‘ಇದು ನಾನು ಮಾಡಿದ್ದು’ ಎಂದು ಹೇಳುತ್ತಿದ್ದ.

ಬೀದರಿನ ಬಿದ್ರಿ ಕೆಲಸದ ಮೇಲೆ ಉಪನ್ಯಾಸ ಬಂದರೆ, ಅದರಲ್ಲೂ ಕುಶಲಕರ್ಮಿಯೇ ಬಂದು ಮಾಡಿ ತೋರಿಸುತ್ತಾರೆಂದರೆ, ಬೇರೆಲ್ಲ ಬಿಟ್ಟು ಹೋಗಿ. ಬಹಮನಿಯರ ಕಾಲದಿಂದ ಬಂದ ಕೆಲಸ ಅದು. ಸತುವಿಗೆ ಸ್ವಲ್ಪ ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನುಣುಪು ಮಾಡಿ, ಗೆರೆ ಕಾಣಲಿ ಎಂದು ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪು ಮಾಡುತ್ತಾರೆ. ಕೈಯಳತೆಯಲ್ಲೇ ಬಳ್ಳಿ ಹೂವು ಕೆತ್ತುತ್ತಾರೆ. ಆ ಗೀರಿನೊಳಗೆ ಬೆಳ್ಳಿಯ ತಂತಿ ಕೂರಿಸಿ ಸುತ್ತಿಗೆಯಿಂದ ತಟ್ಟುತ್ತಾರೆ. ಈ ಹಂತದಲ್ಲಿ ಎಲ್ಲ ಬೂದು ಬಣ್ಣ, ಬೆಳ್ಳಿ ಎಲ್ಲಿ, ಸತು ಎಲ್ಲಿ ಎಂದು ಹೇಳಲು ಬಾರದು. ಕೊನೆಗೆ ಬೀದರ್ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಸೇರಿಸಿ, ಬಿಸಿಮಾಡಿದ ಪಾತ್ರೆಗೆ ಹಚ್ಚಿ ಉಜ್ಜುತ್ತಾರೆ. ಸತು ಕಾಡಿಗೆಯ ಹಾಗೆ ಕಪ್ಪಾಗುತ್ತದೆ. ಬೆಳ್ಳಿ ಹಾಗೇ ಬೆಳ್ಳಗೆ ಹೊಳೆಯುತ್ತದೆ. ಮಣ್ಣು ಸರಿಯಾಗಿದೆಯೇ ಎಂದು ನಾಲಿಗೆಗೆ ಇಟ್ಟು ರುಚಿ ನೋಡಿ ಹೇಳುವವರಿದ್ದಾರೆ. ಆ ಬೂದು ಕಪ್ಪಾಗುವ ಗಳಿಗೆಯನ್ನು ಎದುರಿಗೆ ಕೂತು ನೋಡಬೇಕು.

ಶಿಲ್ಪದ ಉಪನ್ಯಾಸಕ್ಕೆ ಪರದೆ ದೊಡ್ಡದಿರಬೇಕು, ಕೋಣೆ ಕತ್ತಲಾಗಬೇಕು. ಕಿಟಕಿಗೆ ಪರದೆಯಿಲ್ಲದ ಹಳೆಯ ಸಭಾಂಗಣದಲ್ಲಿ ಬೇಸಿಗೆಯ ಆರು ಗಂಟೆಗೆ ಚಿತ್ರ ಏನೂ ಕಾಣುವುದಿಲ್ಲ. ಇದೊಂದು ನೋಡಿಕೊಳ್ಳಿ.

ಇದರ ಖರ್ಚು ಆಮೇಲೆ ಬರುತ್ತದೆ. ಕೇಳಿದ ಮೇಲೆ ನೋಡಲು ಹೋಗದೆ ಇರಲು ಆಗುವುದಿಲ್ಲ. ಒಂದೇ ದಿನದಲ್ಲಿ ಹೋಗಿ ಬರಲು ಸೋಮನಾಥಪುರ ಸುಲಭ, ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರ್. ಬೇಲೂರು ಸುಮಾರು 220. ಎರಡು ದಿನ ಇಟ್ಟುಕೊಂಡರೆ ಒಳ್ಳೆಯದು. ಬೀದರ್ ಅಂದರೆ ರಾತ್ರಿಯ ರೈಲು, ರೂಮು ಎಲ್ಲ ಸೇರುತ್ತದೆ. ಸೋಮನಾಥಪುರಕ್ಕೆ ಹೋಗುವವರು ಒಂದು ಬೈನಾಕ್ಯುಲರ್, ಒಂದು ಟಾರ್ಚ್ ಇಟ್ಟುಕೊಳ್ಳಿ. ಒಳಗಿನ ಹದಿನಾರು ಭುವನೇಶ್ವರಿಗಳು, ಅಂದರೆ ಕೆತ್ತನೆಯ ಒಳಚಾವಣಿಗಳು, ಒಂದೊಂದೂ ಬೇರೆ ಬೇರೆ. ಬರಿಗಣ್ಣಿಗೆ ಅರ್ಧ ಮಾತ್ರ ದಕ್ಕುತ್ತದೆ.

ಶುದ್ಧ ವಿದ್ಯುತ್ತು: ಪ್ರಶ್ನೆ ಕೇಳುವವರಿಗೆ

ಕರೆಂಟಿನ ವಿಷಯದಲ್ಲಿ ನಮ್ಮ ನಾಡಿನದು ಹಳೆಯ ಕಥೆ. 1902ರಲ್ಲಿ ಶಿವನಸಮುದ್ರದ ನೀರಿನಿಂದ ವಿದ್ಯುತ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದರು. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಈಗ ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೋಲಾರ್ ಪಾರ್ಕ್ ಇದೆ. ರೈತರ ಜಮೀನನ್ನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದು ಕಟ್ಟಿದ್ದು. ಹೀಗಾಗಿ ಮಾತಾಡಲು ಬಹಳ ಇದೆ, ಮಾತಾಡುವವರೂ ಬಹಳ ಇದ್ದಾರೆ. ಆರಿಸುವುದೇ ಕಷ್ಟ.

ಯಾರು ಮಾತಾಡುತ್ತಾರೆ ಎಂದು ಮೊದಲು ನೋಡಿ. ವಿಜ್ಞಾನಿಯಾದರೆ ಬ್ಯಾಟರಿ, ಹೈಡ್ರೋಜನ್ ಎಂದು ನಾಳೆಯ ಮಾತು. ಇಲಾಖೆಯ ಎಂಜಿನಿಯರಾದರೆ ಇವತ್ತಿನ ಮಾತು, ನಿಯಮ, ಮೀಟರು. ಮಾರಾಟ ಮಾಡುವವರೇ ವೇದಿಕೆಯಲ್ಲಿದ್ದರೆ ಅದು ಉಪನ್ಯಾಸವಲ್ಲ, ವ್ಯಾಪಾರ. ಬಾಗಿಲಲ್ಲೇ ನಿಮ್ಮ ಫೋನ್ ನಂಬರ್ ಬರೆಸಿಕೊಂಡರೆ ಹುಷಾರಾಗಿರಿ. ನಾನು ಇಟ್ಟುಕೊಂಡಿರುವ ಪರೀಕ್ಷೆ ಸರಳ: ಮಾತಾಡುವವರು ಕೊರತೆಗಳನ್ನು ತಾವಾಗಿಯೇ ಹೇಳುತ್ತಾರಾ? ಬಿಸಿಲು ಜಾಸ್ತಿಯಾಗಿ ಫಲಕ ಕಾದರೆ ವಿದ್ಯುತ್ ಕಡಿಮೆಯಾಗುತ್ತದೆ ಎಂದು, ಧೂಳು ತೊಳೆಯಬೇಕು ಎಂದು, ಫಲಕ 25 ವರ್ಷ ಬಂದರೂ ಅದರ ಕರೆಂಟನ್ನು ಮನೆಯ ಬಳಕೆಗೆ ಬದಲಿಸುವ ಇನ್ವರ್ಟರ್ ಅಷ್ಟು ಬಾಳುವುದಿಲ್ಲ ಎಂದು ಹೇಳಿದರೆ ನಂಬಿ ಕೂರಬಹುದು.

ಒಮ್ಮೆ ಪ್ರಶ್ನೆಯ ಹೊತ್ತಿನಲ್ಲಿ ಒಬ್ಬ ಅಜ್ಜಿ ಎದ್ದು ನಿಂತರು. ಕೈಯಲ್ಲಿ ಮಡಿಸಿದ ಕರೆಂಟ್ ಬಿಲ್ಲು. “ಸ್ವಾಮಿ, ಸೋಲಾರ್ ಹಾಕಿಸಿದ್ರೆ ಕರೆಂಟ್ ಹೋದಾಗ ನಮ್ಮನೇಲಿ ಲೈಟ್ ಉರಿಯುತ್ತೋ ಇಲ್ವೋ?” ಎಂದರು. ಅಲ್ಲಿಯವರೆಗೆ ಯಾರಿಗೂ ಅದು ಹೊಳೆದಿರಲಿಲ್ಲ. ಎಂಜಿನಿಯರ್ ನಕ್ಕು, “ಇಲ್ಲ ತಾಯಿ, ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್ ಆದರೆ ಉರಿಯಲ್ಲ” ಎಂದರು. ಲೈನು ಸತ್ತಾಗ ನಿಮ್ಮ ಚಾವಣಿಯಿಂದ ಕರೆಂಟ್ ಹೊರಗೆ ಹರಿದರೆ ಕಂಬ ಹತ್ತಿದ ಲೈನ್‌ಮ್ಯಾನ್ ಜೀವಕ್ಕೆ ಅಪಾಯ, ಅದಕ್ಕೇ ಇನ್ವರ್ಟರ್ ತಾನೇ ನಿಲ್ಲುತ್ತದೆ ಎಂದು ಬಿಡಿಸಿ ಹೇಳಿದರು. ಒಂದು ಗಂಟೆಯ ಸ್ಲೈಡುಗಳಿಗಿಂತ ಆ ಎರಡು ನಿಮಿಷ ನನಗೆ ದೊಡ್ಡದಾಗಿತ್ತು. ಸಭೆಯಿಂದ ಹೊರಗೆ ಬರುವಾಗ ನಾಲ್ಕು ಜನ ಅಜ್ಜಿಯ ಸುತ್ತ ನಿಂತು ಅವರ ಬಿಲ್ಲು ನೋಡುತ್ತಿದ್ದರು.

ಹೀಗಾಗಿ ಕರೆಂಟಿನ ಉಪನ್ಯಾಸಕ್ಕೆ ಹೋಗುವವರು ಬಿಲ್ಲು ತೆಗೆದುಕೊಂಡು ಹೋಗಿ. ತಿಂಗಳಿಗೆ ಎಷ್ಟು ಯೂನಿಟ್ ಬಳಸುತ್ತೀರಿ, ಮಂಜೂರಾದ ಲೋಡ್ ಎಷ್ಟು ಎಂದು ಅದರಲ್ಲೇ ಇರುತ್ತದೆ. ಒಂದು ಕಿಲೋವ್ಯಾಟಿಗೆ ನೆರಳು ಬೀಳದ ಸುಮಾರು 100 ಚದರಡಿ ಚಾವಣಿ ಬೇಕು, ಒಳ್ಳೆಯ ಬಿಸಿಲಿನ ದಿನ ಸುಮಾರು 4 ಯೂನಿಟ್ ಸಿಗುತ್ತದೆ. 2024ರಲ್ಲಿ ಶುರುವಾದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕಿಂತ ಹೆಚ್ಚಿನದಕ್ಕೆ 78,000 ರೂಪಾಯಿ ಸಹಾಯಧನ. ಆದರೂ ಕೈಯಿಂದ ಲಕ್ಷದ ಆಸುಪಾಸು ಬೀಳುತ್ತದೆ. ಗೃಹಜ್ಯೋತಿಯಲ್ಲಿ ಈಗಾಗಲೇ ಸೊನ್ನೆ ಬಿಲ್ಲು ಬರುವ ಮನೆಗೆ ಇದು ಗಿಟ್ಟುತ್ತದಾ ಎಂಬುದೇ ಕೇಳಬೇಕಾದ ಮೊದಲ ಪ್ರಶ್ನೆ. ಅಂಥವರು ಅವಸರ ಮಾಡಬೇಕಾಗಿಲ್ಲ.

ದೊಡ್ಡ ಯೋಜನೆಗಳ ಮೇಲಿನ ಉಪನ್ಯಾಸ ಬೇರೆಯೇ. ಶರಾವತಿ ಕಣಿವೆಯ 2,000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆಯನ್ನೇ ತೆಗೆದುಕೊಳ್ಳಿ. ಹಗಲಿನ ಬಿಸಿಲಿನ ಕರೆಂಟಿನಿಂದ ನೀರನ್ನು ಮೇಲಕ್ಕೆ ಎತ್ತಿ, ಬೇಡಿಕೆ ಏರುವ ಸಂಜೆಗೆ ಕೆಳಕ್ಕೆ ಬಿಟ್ಟು ವಿದ್ಯುತ್ ತೆಗೆಯುವ ಉಪಾಯ. ಸೂರ್ಯ ಮುಳುಗಿದ ಮೇಲೆ ಏನು ಎಂಬುದಕ್ಕೆ ಒಂದು ಉತ್ತರ. ಆದರೆ ಅದು ಸಿಂಗಳೀಕಗಳ ಅಭಯಾರಣ್ಯದ ಜಾಗ. ಇಂಥದ್ದಕ್ಕೆ ಒಂದೇ ಸಂಜೆ ಹೋಗಿ ಒಂದು ಕಡೆಯ ಮಾತು ಕೇಳಿ ಬರಬೇಡಿ. ಎಂಜಿನಿಯರ್ ಮಾತನ್ನೂ ಕೇಳಿ, ಕಾಡು ಬಲ್ಲವರ ಮಾತನ್ನೂ ಕೇಳಿ. ನನ್ನ ಮನಸ್ಸು ಕಾಡಿನ ಕಡೆಗೇ ವಾಲುತ್ತದೆ. ಆದರೂ ಎಂಜಿನಿಯರರ ಲೆಕ್ಕ ಕೇಳಿದ್ದರಿಂದಲೇ ಎಷ್ಟು ಕಷ್ಟದ ಪ್ರಶ್ನೆ ಇದು ಎಂದು ನನಗೆ ತಿಳಿದದ್ದು.

ಈ ಮೂರರಲ್ಲಿ ಯೂಟ್ಯೂಬಿನಲ್ಲಿ ನೋಡಿದರೂ ಅಷ್ಟೇನೂ ನಷ್ಟವಾಗದ್ದು ಇದೇ. ಅಂಕಿ ಅಂಶ ನಿಲ್ಲಿಸಿ ನಿಲ್ಲಿಸಿ ನೋಡಬಹುದು. ನಿಮ್ಮದೇ ಪ್ರಶ್ನೆ ಇದ್ದರೆ ಮಾತ್ರ ಹೋಗಿ.

ಯಾವ ಸಭಾಂಗಣ

ಗೋಖಲೆ ಸಂಸ್ಥೆಯಲ್ಲಿ ಕನ್ನಡದ್ದೇ ಹೆಚ್ಚು. ಕಾವ್ಯ, ಶಾಸ್ತ್ರ, ಭಾಷೆಯ ಮಾಲೆಗಳಿಗೆ ಅದೇ ಸರಿ. ವರ್ಲ್ಡ್ ಕಲ್ಚರಿನಲ್ಲಿ ವಿಷಯಗಳು ದಿನಕ್ಕೊಂದು ಬಗೆ. ಬೇಗ ಹೋದರೆ ಲೈಬ್ರರಿಯಲ್ಲಿ ಕೂರಬಹುದು ಎಂಬುದು ನನಗೆ ದೊಡ್ಡ ಲಾಭ. ಸೈನ್ಸ್ ಫೋರಂ ಬುಧವಾರ ಎಂದರೆ ಬುಧವಾರ, ದಿನ ನೆನಪಿಡುವ ಕೆಲಸವೇ ಇಲ್ಲ. ಜುಲೈ ತಿಂಗಳಿಡೀ ವಿಜ್ಞಾನದ ಹಬ್ಬ. ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ. ನ್ಯಾಷನಲ್ ಕಾಲೇಜ್ ಮೆಟ್ರೊ ಸ್ಟೇಷನ್ ಹತ್ತಿರದಲ್ಲೇ ಇದೆ. ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ 1909ರಷ್ಟು ಹಳೆಯದು. ಶಾಸನ, ಇತಿಹಾಸ ಅಂದರೆ ಅಲ್ಲಿ ಬಲ್ಲವರು ಸಿಗುತ್ತಾರೆ, ಬೆಂಗಳೂರಿನ ಶಾಸನಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಉಳಿಸುವ ಕೆಲಸವೂ ಅಲ್ಲೇ ನಡೆದಿದೆ. ದೊಮ್ಮಲೂರಿನ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರಿನಲ್ಲಿ ಪರದೆ, ಧ್ವನಿ ಎಲ್ಲ ಚೆನ್ನ, ಶಿಲ್ಪದಂಥ ವಿಷಯಕ್ಕೆ ಒಳ್ಳೆಯದು. ಹೆಚ್ಚಿನದು ಇಂಗ್ಲಿಷ್. ದಕ್ಷಿಣ ಬೆಂಗಳೂರಿನವರಿಗೆ ವಾರದ ದಿನ ಅಲ್ಲಿಗೆ ಹೋಗುವುದು ಸಾಹಸ. ಚಾಮರಾಜಪೇಟೆಯ ಕನ್ನಡ ಸಾಹಿತ್ಯ ಪರಿಷತ್ತಿನಲ್ಲಿ ದತ್ತಿ ಉಪನ್ಯಾಸಗಳು ನಡೆಯುತ್ತವೆ. ಧಾರವಾಡದವರಿಗೆ ಇದ್ಯಾವುದೂ ಬೇಡ, 1890ರಿಂದ ಇರುವ ಕರ್ನಾಟಕ ವಿದ್ಯಾವರ್ಧಕ ಸಂಘವೇ ಇದೆಯಲ್ಲ.

ನಿಮ್ಮ ಮನೆಯ ಲೆಕ್ಕ

ಮನೆ ಸ್ವಂತದ್ದು, ಚಾವಣಿ ಖಾಲಿ, ಬಿಲ್ಲು ಎರಡು ಮೂರು ಸಾವಿರ ಬರುತ್ತದೆ ಎಂದರೆ ಈ ವರ್ಷ ಕರೆಂಟಿನ ಉಪನ್ಯಾಸಕ್ಕೇ ಹೋಗಿ. ಒಂದು ಸಂಜೆ ಸಾಲದು, ಎರಡು ಬೇರೆ ಬೇರೆ ಕಡೆ ಕೇಳಿ. ಲಕ್ಷ ರೂಪಾಯಿಯ ತೀರ್ಮಾನ ಅದು. ಬಾಡಿಗೆ ಮನೆಯವರು, ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯವರು ಅದನ್ನು ರೆಕಾರ್ಡಿಂಗಿನಲ್ಲಿ ನೋಡಿದರೆ ಸಾಕು.

ಮಕ್ಕಳನ್ನು ಕರೆದುಕೊಂಡು ಹೋಗುವುದಾದರೆ ಕುಸುರಿ ಕೆಲಸದ ಪ್ರಾತ್ಯಕ್ಷಿಕೆ. ಹತ್ತು ವರ್ಷದ ಹುಡುಗ ಛಂದಸ್ಸಿಗೆ ಕೂರುವುದಿಲ್ಲ, ಸುತ್ತಿಗೆಯ ಸದ್ದಿಗೆ ಕೂರುತ್ತಾನೆ. ನಿವೃತ್ತರಿಗೆ, ದಿನವೂ ಸಂಜೆ ಬಿಡುವಿರುವವರಿಗೆ ನಾನು ಕಣ್ಣು ಮುಚ್ಚಿ ಹೇಳುವುದು ಭಾಷೆಯ ಮಾಲೆ. ನಾಲ್ಕು ಸಂಜೆ ಒಂದೇ ಕುರ್ಚಿಯಲ್ಲಿ ಕೂತರೆ ಪಕ್ಕದವರ ಪರಿಚಯವಾಗುತ್ತದೆ, ಅದೂ ಮುಖ್ಯ ಅಲ್ವಾ. ಕನ್ನಡ ಮಾಧ್ಯಮದಲ್ಲಿ ಓದದೆ, ಈಗ ಕನ್ನಡ ಬೇಕು ಎನ್ನಿಸುತ್ತಿರುವ ಹುಡುಗ ಹುಡುಗಿಯರು ಮೊದಲು ಶಿಲ್ಪಕ್ಕೆ ಹೋಗಿ, ಅಲ್ಲಿಂದ ಶಾಸನಕ್ಕೆ ಬನ್ನಿ. ಚಿತ್ರದ ಕೈ ಹಿಡಿದುಕೊಂಡು ಅಕ್ಷರಕ್ಕೆ ಬರುವುದು ಸುಲಭ. ಹೊರದೇಶದಲ್ಲಿ ಇರುವವರು ರೆಕಾರ್ಡಿಂಗ್ ನೋಡುವಾಗ ಪ್ರಶ್ನೋತ್ತರವನ್ನು ಬಿಟ್ಟು ಮುಂದೆ ಓಡಿಸಬೇಡಿ. ಒಳ್ಳೆಯದೆಲ್ಲ ಅಲ್ಲಿರುತ್ತದೆ.

ಆಮೇಲೆ ಅಕ್ಕನ ಮಗಳಿಗೆ ಇಷ್ಟನ್ನೂ ಹೇಳಿದೆ. ಅವಳದು ಪಿ.ಜಿ., ಚಾವಣಿ ಓನರದ್ದು. ಸೋಲಾರ್ ಬಿಟ್ಟಳು. ಶಾಸನದ್ದು ನಾಲ್ಕು ದಿನದ ಮಾಲೆ, ಅವಳಿಗೆ ಇರುವುದು ಒಂದೇ ಸಂಜೆ. ಹಾಗಾಗಿ ಅವಳು ಶಿಲ್ಪಕ್ಕೆ ಹೋದಳು, ನಾನು ಶಾಸನಕ್ಕೆ. ರಾತ್ರಿ ಎಂಟೂವರೆಗೆ ಫೋನ್ ಬಂತು. ರಸ್ತೆಯ ಸದ್ದಿನ ನಡುವೆ ಅವಳು ಕೂಗಿ ಕೇಳಿದಳು: “ಚಿಕ್ಕಮ್ಮ, ನಿಮ್ಮನೇಲಿ ಬೈನಾಕ್ಯುಲರ್ ಇದೆಯಾ? ಭಾನುವಾರಕ್ಕೆ ಬೇಕಿತ್ತು.”